ಬ್ಯಾಂಡೇಜ್ ವಾಸನೆಯ ಬಿಯರ್ ಮತ್ತು ಐದು ಜಾಡಿಗಳು

ಮನೆಯಲ್ಲೇ ಮಾಡಿದ ಬಿಯರ್, ನಾಲ್ಕು ಬ್ಯಾಚ್ ಮೋರಿಗೆ ಸುರಿದಿದ್ದೇನೆ. ಒಂದೊಂದೂ ಸುಮಾರು 20 ಲೀಟರ್. ನಾಲ್ಕರದ್ದೂ ಒಂದೇ ರೋಗ. ಗಾಯದ ಬ್ಯಾಂಡೇಜ್ ಬಿಚ್ಚಿದಾಗ ಬರುತ್ತಲ್ಲ, ಆ ಔಷಧಿ ವಾಸನೆ. ಬಾಯಿಗೆ ಹಾಕಿದಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ನುಂಗಿದ ಮೇಲೆ ಗಂಟಲಲ್ಲಿ ಬಂದು ಕೂರುತ್ತಿತ್ತು.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು. "ಇನ್‌ಫೆಕ್ಷನ್ ಕಣೋ, ಇನ್ನೂ ಚೆನ್ನಾಗಿ ತೊಳಿ." ತೊಳೆದೆ. ಬ್ಲೀಚ್ ಜಾಸ್ತಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಮೂರನೇ ಬ್ಯಾಚ್‌ನಲ್ಲಿ ವಾಸನೆ ಇನ್ನೂ ಜೋರಾಯಿತು. ಆಮೇಲೆ ಬಿಯರ್ ಹುದುಗಿಸುವ ಹಳೇ ಡಬ್ಬ, ಅಂದರೆ ಫರ್ಮೆಂಟರ್, ಎಸೆದೆ. ಹೊಸ ಡಬ್ಬ, ಹೊಸ ಟ್ಯೂಬು, ಹೊಸ ನಲ್ಲಿ, ಒಳಗಿನ ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್ ಕೂಡ ಹೊಸದು. ಆ ದುಡ್ಡಿಗೆ ಐದಾರು ಬ್ಯಾಚ್‌ಗಾಗುವಷ್ಟು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬರುತ್ತಿತ್ತು. ಹೊಸ ಡಬ್ಬದ ನಾಲ್ಕನೇ ಬ್ಯಾಚೂ ಬ್ಯಾಂಡೇಜೇ.

ಆಗ ಅನುಮಾನ ಬಂತು. ಇನ್‌ಫೆಕ್ಷನ್ ಆಗಿದ್ದರೆ ದಿನ ಕಳೆದ ಹಾಗೆ ಕೆಡುತ್ತಾ ಹೋಗಬೇಕಲ್ವಾ? ಹುಳಿಯಾಗಬೇಕು, ಮೇಲೆ ಕೆನೆಯಂಥ ಪೊರೆ ಕಟ್ಟಬೇಕು, ಇಲ್ಲವೇ ಬಾಟಲಿ ತೆರೆದಾಗ ಕಾರಂಜಿಯಂತೆ ಚಿಮ್ಮಬೇಕು. ನನ್ನದರಲ್ಲಿ ಅದೇನೂ ಇರಲಿಲ್ಲ. ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ 1.012ಕ್ಕೆ ನಿಂತದ್ದು ಅಲ್ಲೇ ನಿಂತಿತ್ತು. ಐದನೇ ದಿನ ಇದ್ದ ವಾಸನೆ ಎರಡು ತಿಂಗಳಾದ ಮೇಲೂ ಅಷ್ಟೇ ಇತ್ತು. ಇದು ಬೆಳೆಯುತ್ತಿಲ್ಲ, ಮೊದಲೇ ಒಳಗೆ ಸೇರಿಕೊಂಡಿದೆ ಅನ್ನಿಸಿತು. ಒಳಗೆ ಹೋಗಿದ್ದು ಅಂದರೆ ನೀರು, ಮಾಲ್ಟ್, ಕಹಿ ಕೊಡುವ ಹಾಪ್ಸ್ ಹೂವು, ಈಸ್ಟ್, ಜೊತೆಗೆ ನನ್ನ ಬ್ಲೀಚ್.

ಒಂದು ಲೀಟರ್ ಜಾಡಿಗಳಲ್ಲಿ ಪರೀಕ್ಷೆ ಮಾಡುತ್ತೇನೆ ಅಂದಾಗ ಗೆಳೆಯರು ನಕ್ಕರು. "ಅಷ್ಟು ಚಿಕ್ಕದರಲ್ಲಿ ಏನು ಗೊತ್ತಾಗುತ್ತೆ? ಅಡುಗೆಮನೆ ಗಲೀಜಾಗುತ್ತೆ ಅಷ್ಟೇ" ಅಂದರು. ನಾನು ಕೇಳಲಿಲ್ಲ. ಒಣ ಮಾಲ್ಟ್ ಪುಡಿ ಲೀಟರಿಗೆ ನೂರು ಗ್ರಾಂ ಲೆಕ್ಕದಲ್ಲಿ ಕಲಸಿ, ಒಂದೊಂದು ಜಾಡಿಯದ್ದನ್ನೂ ಬೇರೆ ಬೇರೆ ಕುದಿಸಿದೆ. ಒಂದು ಚಿಟಿಕೆ ಹಾಪ್ಸ್. ಈಸ್ಟ್ ತೂಗಿ, ಜಾಡಿಗೆ ಅರ್ಧ ಗ್ರಾಂ ಚಿಲ್ಲರೆ. ಬಾಯಿಗೆ ಏರ್‌ಲಾಕ್ ಬದಲು ಫಾಯಿಲ್. ಒಂದು ಜಾಡಿ ಕುದಿನೀರು ಬಿದ್ದ ತಕ್ಷಣ ಟಪ್ ಅಂತ ಸೀಳಿತು. ಅಲ್ಲಿಗೆ ಇನ್ನೊಂದು ಖರ್ಚು.

ಮೊದಲನೆಯದು ನಲ್ಲಿ ನೀರು, ಬ್ಲೀಚ್‌ನಲ್ಲಿ ತೊಳೆದ ಜಾಡಿ. ಎರಡನೆಯದು ನಲ್ಲಿ ನೀರೇ, ಆದರೆ ಜಾಡಿಗೆ ಬರೀ ಕುದಿನೀರು. ಮೂರನೆಯದರ ನಲ್ಲಿ ನೀರಿಗೆ, ಕ್ಲೋರಿನ್ ಕಳೆಯುವ ಕ್ಯಾಂಪ್ಡನ್ ಮಾತ್ರೆಯ ಪುಡಿ ಸೇರಿಸಿದೆ, ಜಾಡಿಗೆ ಕುದಿನೀರು. ನಾಲ್ಕನೆಯದು ಬಾಟಲಿ ನೀರು, ಕುದಿನೀರಿನ ಜಾಡಿ. ಐದನೆಯದು ಬಾಟಲಿ ನೀರು, ಬ್ಲೀಚ್ ಜಾಡಿ. ಹತ್ತನೇ ದಿನ ಐದು ಲೋಟಗಳ ತಳದಲ್ಲಿ ಗುರುತು ಹಾಕಿ, ನನಗೂ ಗೊತ್ತಾಗದ ಹಾಗೆ ಮನೆಯವರ ಕೈಯಲ್ಲಿ ಅದಲುಬದಲು ಮಾಡಿಸಿದೆ. ನಕ್ಕಿದ್ದ ಮೂವರನ್ನೇ ಕರೆದು ಮೂಸಿಸಿದೆ. ಗ್ಯಾಸ್ ಇಲ್ಲ, ಬೆಚ್ಚಗಿನ ಸಪ್ಪೆ ಬಿಯರ್. ಆದರೂ ಮೂವರೂ ಮೊದಲನೆಯದನ್ನು ಮೂಗಿಗೆ ಹಿಡಿದ ಕೂಡಲೇ ಕೆಳಗಿಟ್ಟರು. ಐದನೆಯದೂ ಹಾಗೇ. ಎರಡನೆಯದರಲ್ಲಿ ವಾಸನೆ ಕಡಿಮೆ, ಆದರೆ ಇತ್ತು. ಮೂರು, ನಾಲ್ಕು ಶುದ್ಧ.

ಅಂದರೆ ಕಳ್ಳರು ಇಬ್ಬರು. ನೀರಿನಲ್ಲಿದ್ದ ಕ್ಲೋರಿನ್ ಒಬ್ಬ, ನಾನೇ ಕೈಯಾರೆ ಹಾಕಿದ ಬ್ಲೀಚ್ ಇನ್ನೊಬ್ಬ. ತೊಳೆದಷ್ಟೂ ಕೆಡಿಸುತ್ತಿದ್ದೆ! ಕುದಿಸುತ್ತೇನಲ್ಲ, ಕ್ಲೋರಿನ್ ಹೋಗುತ್ತೆ ಅಂದುಕೊಂಡಿದ್ದೆ. ಆದರೆ ಕುದಿಸುವ ಮೊದಲೇ ಮ್ಯಾಶ್‌ನಲ್ಲಿ, ಅಂದರೆ ಮಾಲ್ಟನ್ನು ಬಿಸಿನೀರಲ್ಲಿ ನೆನೆಸುವಾಗಲೇ, ಅದು ಮಾಲ್ಟ್ ಜೊತೆ ಸೇರಿರುತ್ತೆ. ನೀರಿನಲ್ಲಿ ಕ್ಲೋರಮೈನ್ (ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು) ಇದ್ದರಂತೂ ಸುಲಭಕ್ಕೆ ಕುದಿದು ಹೋಗಲ್ಲ. ಈಗ 28 ಲೀಟರ್ ನೀರಿಗೆ ಅರ್ಧ ಮಾತ್ರೆ ಪುಡಿಮಾಡಿ, ಕಲಕಿ, ಹತ್ತು ನಿಮಿಷ ಬಿಡುತ್ತೇನೆ. ಬ್ಲೀಚ್ ಬಿಟ್ಟು, ಹಾಕಿದ ಮೇಲೆ ಮತ್ತೆ ನೀರಲ್ಲಿ ತೊಳೆಯಬೇಕಿಲ್ಲದ ಆಸಿಡ್ ಸ್ಯಾನಿಟೈಸರ್‌ಗೆ ಬಂದೆ. ಮಾತ್ರೆಯ ಖರ್ಚು ಲೆಕ್ಕಕ್ಕೇ ಬರಲ್ಲ. ಹೊಸ ಫರ್ಮೆಂಟರ್ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಐದನೇ ಬ್ಯಾಚ್ ಚೆನ್ನಾಗಿ ಬಂತು. ಆರನೆಯದರಲ್ಲಿ ಬೆಣ್ಣೆ ವಾಸನೆ. ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು ಅಂತ ಆರನೇ ದಿನವೇ ಬಾಟಲಿಗೆ ತುಂಬಿದ್ದೆ, ನನ್ನದೇ ಅವಸರ. ಈಗ ಏರ್‌ಲಾಕ್ ಮಾತು ನಂಬಲ್ಲ. ಎರಡು ಚಿಕ್ಕ ಡಬ್ಬಿಗಳಲ್ಲಿ ಬಿಯರ್ ತೆಗೆದು ಮುಚ್ಚುತ್ತೇನೆ. ಒಂದನ್ನು 65 ಡಿಗ್ರಿ ಆಸುಪಾಸಿನ ನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು, ಎರಡನ್ನೂ ಒಂದೇ ಮಟ್ಟಕ್ಕೆ ತಣ್ಣಗೆ ಮಾಡಿ ಮೂಸುತ್ತೇನೆ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಈಸ್ಟ್ ಕೆಲಸ ಇನ್ನೂ ಮುಗಿದಿಲ್ಲ. 20 ಡಿಗ್ರಿಯಲ್ಲಿ ಇನ್ನೆರಡು ಮೂರು ದಿನ ಬಿಟ್ಟು ಮತ್ತೆ ನೋಡುತ್ತೇನೆ. ಈ ಪರೀಕ್ಷೆ ತಪ್ಪಿದ್ದು ಇದುವರೆಗೆ ಒಂದೇ ಸಲ.

ನೇಲ್‌ಪಾಲಿಶ್ ವಾಸನೆ ಒಂದು ಸಲ ಕಾಡಿತು. ಕೋಣೆ 27 ಡಿಗ್ರಿ, ಡಬ್ಬಕ್ಕೆ ಅಂಟಿಸಿದ ತಾಪಮಾನದ ಪಟ್ಟಿ 31 ತೋರಿಸುತ್ತಿತ್ತು. ಹುದುಗುವಾಗ ಬಿಯರ್ ತಾನೇ ಕಾಯುತ್ತೆ ಅನ್ನೋದು ಮರೆತೇ ಹೋಗಿತ್ತು. ನೀರಿನ ಟಬ್, ಒದ್ದೆ ಬಟ್ಟೆ, ಐಸ್ ಕಟ್ಟಿದ ಬಾಟಲಿ, ತಣ್ಣಗಿಡೋದಕ್ಕೆ ಇವೆಲ್ಲ ನಿಮಗೂ ಗೊತ್ತು. ಮೊದಲ 36 ಗಂಟೆ ರಾತ್ರಿ ಏಳದೆ 20 ಡಿಗ್ರಿಯಲ್ಲಿ ನಿಲ್ಲಿಸೋದಕ್ಕೆ ನಂದೇ ಒಂದು ಉಪಾಯ ಇದೆ. ಅದನ್ನು ಈಗ ಹೇಳಲ್ಲ. ಇನ್ನೆರಡು ಬ್ಯಾಚ್‌ನಲ್ಲಿ ಗೆದ್ದ ಮೇಲೆ ನೋಡೋಣ.

ಸುಮ್ನೆ ಕುತೂಹಲಕ್ಕೆ, ಹಾಪ್ಸ್ ಜಾಸ್ತಿ ಹಾಕಿದ್ದ ಬಿಯರನ್ನು ಬಿಳಿ ಗಾಜಿನ ಲೋಟದಲ್ಲಿ ಅರ್ಧ ಗಂಟೆ ಬಿಸಿಲಿಗಿಟ್ಟೆ. ಕೊಳೆತ ನಾತ. ನೆರಳಲ್ಲಿದ್ದ ಲೋಟಕ್ಕೆ ಏನೂ ಆಗಿರಲಿಲ್ಲ. ಮ್ಯಾಶ್ ಚೀಲ ಹಿಂಡಿದರೆ ಒಗರು ಬರುತ್ತೆ ಅಂತಾರಲ್ಲ, ಅದನ್ನೂ ನೋಡಿದೆ. ಒಂದನ್ನು ಹಿಂಡಿ, ಒಂದನ್ನು ಸುಮ್ಮನೆ ನೇತುಹಾಕಿದೆ. ನನ್ನ ನಾಲಿಗೆಗೆ ವ್ಯತ್ಯಾಸ ಸಿಗಲಿಲ್ಲ. ಈಗ ಧೈರ್ಯವಾಗಿ ಹಿಂಡುತ್ತೇನೆ, ಲೀಟರ್ ಗಟ್ಟಲೆ ಉಳಿಯುತ್ತೆ.

ಈಗಿನ ತಲೆನೋವು ಬೇರೆ. ಎರಡು ತಿಂಗಳು ಕಳೆದ ಬಾಟಲಿಗಳಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತಿದೆ. ತುಂಬುವಾಗ ಗಾಳಿ ಸೇರುತ್ತಿದೆ ಅಂತ ನನ್ನ ಗುಮಾನಿ. ಮಂಚದ ಕೆಳಗೆ ಆರು ಬಾಟಲಿ ಇಟ್ಟಿದ್ದೇನೆ. ಕೆಂಪು ದಾರ ಕಟ್ಟಿದ ಮೂರಕ್ಕೆ ಬೇಕೆಂದೇ ಮೇಲಿಂದ ಸುರಿದೆ. ಉಳಿದ ಮೂರಕ್ಕೆ ಟ್ಯೂಬನ್ನು ತಳಕ್ಕೆ ಮುಟ್ಟಿಸಿ ತುಂಬಿದೆ. ತೆರೆಯೋದಕ್ಕೆ ಇನ್ನೂ ಮೂರು ವಾರ ಇದೆ. ನಕ್ಕಿದ್ದ ಮೂವರೂ ತೆರೆಯೋ ದಿನ ಯಾವಾಗ ಅಂತ ಈಗಲೇ ಕೇಳುತ್ತಿದ್ದಾರೆ.