ಅಕ್ಕನ ಜಗಲಿಯಲ್ಲಿ ಮಲ್ಲಿಗೆ ಕಟ್ಟಿದ್ದು

ನಿವೃತ್ತಿಯಾಗಿ, ಯಜಮಾನರೂ ಹೋದ ಮೇಲೆ ನಾನು ಉಡುಪಿ ಪೇಟೆ ಬಿಟ್ಟು ಶಂಕರಪುರದ ಹಳೆ ಮನೆಗೆ ಬಂದೆ. ಮಗ ಬೆಂಗಳೂರಿನಲ್ಲಿ. ಬಿ.ಪಿ., ಶುಗರ್ ಮಾತ್ರ ನನ್ನ ಜೊತೆಗೇ ಬಂದವು. ಡಾಕ್ಟರು ನಡೆಯಿರಿ ಅಂದರು, ನಡೆದೆ. ಅಂಗಳದಲ್ಲೇ, ಒಬ್ಬಳೇ, ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತಾ. ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಫ್ಯಾನ್ ನೋಡುವುದೇ ಕೆಲಸ. ಹಾಲಿನವನನ್ನು ಬಿಟ್ಟು ಇಡೀ ದಿನ ಯಾರ ಹತ್ತಿರವೂ ಮಾತಾಡದ ದಿನಗಳಿದ್ದವು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ಕರೆದರು. "ಟೀಚರ್, ಸುಮ್ನೆ ಕೂತು ಎಂತ ಮಾಡ್ತೀರಿ ಮಾರಾಯ್ರೆ? ಬನ್ನಿ, ಹೂ ಕಟ್ಟುವ."

ನಮ್ಮೂರಿನ ಮಲ್ಲಿಗೆ ಗೊತ್ತಲ್ವಾ? ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಅರಳುವ ಮೊದಲೇ ಮಾರಾಟಕ್ಕೆ ಕಳಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಕ್ಕನ ಜಗಲಿಯಲ್ಲಿ ನಾಲ್ಕೈದು ಹೆಂಗಸರು ಕೂತು ಕಟ್ಟುತ್ತಾರೆ. ಮೊದಲ ದಿನ ನಾನು ಕಟ್ಟಿದ್ದು ಒಂದು ಗೇಣು. ನಾರು ಒದ್ದೆ ಇರಬೇಕು. ಗಂಟು ಬಿಗಿಯಾದರೆ ತೊಟ್ಟು ಮುರಿಯುತ್ತದೆ, ಸಡಿಲವಾದರೆ ಹೂ ಜಾರುತ್ತದೆ. ನನ್ನದು ಜಾರಿತು. ಅಕ್ಕ ಏನೂ ಹೇಳದೆ ಬಿಚ್ಚಿ ಮತ್ತೆ ಕಟ್ಟಿದರು.

ನಾನು ಬೇಗ ಬೆರೆಯುವವಳಲ್ಲ. ಎದುರು ಕೂತು "ಹೇಗಿದ್ದೀರಿ" ಅಂತ ಕೇಳಿದರೆ ಮುಂದಿನ ಮಾತೇ ತೋಚುವುದಿಲ್ಲ. ಇಲ್ಲಿ ಎಲ್ಲರ ಕಣ್ಣು ಮೊಗ್ಗಿನ ಮೇಲೆ, ಕೈ ನಾರಿನ ಮೇಲೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅದಕ್ಕೇ ಮಾತು ಬಂತು. ಯಜಮಾನರ ಕೊನೆಯ ದಿನಗಳ ಬಗ್ಗೆ ನಾನು ಮೊದಲು ಬಾಯಿ ಬಿಟ್ಟಿದ್ದು ಆ ಜಗಲಿಯಲ್ಲೇ. ಒಬ್ಬರು ನಾರು ಹರಿದು ನನ್ನ ಕೈಗೆ ಕೊಟ್ಟರು, ಅಷ್ಟೇ.

ಎರಡು ತಿಂಗಳಾಗುವಾಗ ನಿದ್ದೆ ಬರತೊಡಗಿತು. ಮಾತ್ರೆ ಬಿಟ್ಟಿಲ್ಲ, ನಡಿಗೆಯನ್ನೂ ಬಿಟ್ಟಿಲ್ಲ. ಹೂ ಕಟ್ಟಿದರೆ ಶುಗರ್ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮಗನಿಗೆ ಹೇಳಿದೆ. ಅವನು ಹಾರ್ವರ್ಡಿನ ಒಂದು ಅಧ್ಯಯನದ ವಿಷಯ ತಿಳಿಸಿದ. 1938ರಲ್ಲಿ ಶುರುವಾದದ್ದು, 724 ಗಂಡಸರ ಬದುಕನ್ನು ಹತ್ತಾರು ವರ್ಷ ಹಿಂಬಾಲಿಸಿದೆಯಂತೆ. 50ರ ವಯಸ್ಸಿನಲ್ಲಿ ತಮ್ಮವರ ಜೊತೆ ನೆಮ್ಮದಿಯಿಂದ ಇದ್ದವರೇ 80ರಲ್ಲಿ ಜಾಸ್ತಿ ಗಟ್ಟಿಯಾಗಿದ್ದರು. ಮುಂದಿನ ಆರೋಗ್ಯ ಹೇಗಿರುತ್ತದೆ ಅಂತ ಹೇಳಲು ಕೊಲೆಸ್ಟ್ರಾಲ್‌ಗಿಂತ ಇದೇ ಒಳ್ಳೆಯ ಸುಳಿವಾಗಿತ್ತಂತೆ. ಜಗಲಿಯಲ್ಲಿ ಹೇಳಿದಾಗ ಅಕ್ಕ ಕೇಳಿದರು, "ಆ ಗಂಡಸರಿಗೆ ಹೂ ಕಟ್ಟಲಿಕ್ಕೆ ಬರ್ತದಾ?" ಆ ದಿನ ನಗುವಿನಲ್ಲಿ ಎಷ್ಟು ಮೊಗ್ಗು ನೆಲಕ್ಕೆ ಬಿತ್ತೋ!

ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಗೆ ಹೂ ಕಡಿಮೆ. ಆದರೂ ಹೋಗುತ್ತಿದ್ದೆ. ಕೆಸುವಿನ ಎಲೆಯ ನಾರು ತೆಗೆದು, ಹಿಟ್ಟು ಸವರಿ, ಸುತ್ತಿ ಪತ್ರೊಡೆ ಮಾಡಿದೆವು.

ಎಲ್ಲವೂ ಸಿಹಿಯೇ ಅಂತಲ್ಲ. ಒಮ್ಮೆ ಒಬ್ಬರು, "ಟೀಚರಿಗೆ ಪೆನ್ಶನ್ ಉಂಟು, ಇದು ಟೈಂಪಾಸ್" ಅಂದರು. ಚುಚ್ಚಿತು. ಮೂರು ದಿನ ಹೋಗಲಿಲ್ಲ. ರಾತ್ರಿ ಮತ್ತೆ ಫ್ಯಾನ್.

ನಾಲ್ಕನೆಯ ಬೆಳಿಗ್ಗೆ ಅಕ್ಕನ ಮೊಮ್ಮಗಳು ಬುಟ್ಟಿ ಹಿಡಿದು ಬಂದಳು. "ಅಜ್ಜಿ ಹೇಳಿದ್ರು, ಇವತ್ತು ಹೂ ಜಾಸ್ತಿ ಉಂಟು, ಕೈ ಸಾಲುವುದಿಲ್ಲ ಅಂತೆ." ಬುಟ್ಟಿ ತುಂಬ ಮೊಗ್ಗು, ಮೇಲೆ ಒದ್ದೆ ನಾರು. ಒಂದನ್ನು ಎತ್ತಿಕೊಂಡೆ. ಆಮೇಲೆ ಬುಟ್ಟಿಯನ್ನೇ ಎತ್ತಿಕೊಂಡು ಜಗಲಿಗೆ ನಡೆದೆ.