ತೋಟದ ಕೆರೆಯಲ್ಲಿ ಗೆಂಡೆ: ಬೆಂಡು ಮುಳುಗೋವರೆಗೆ ಕಾಯಬೇಡಿ

ತೋಟದ ಕೆರೆಯ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಗಾಳಕ್ಕೆ ಬೀಳೋದಿಲ್ಲ, ಬಲೆ ಹಾಕಿಯೇ ತೆಗೆಯಬೇಕು. ಕೊಡಗಿನ ಅಮ್ಮತ್ತಿ, ಸಿದ್ದಾಪುರದ ಕಡೆ ಗಾಳ ಹಾಕುವವರನ್ನು ಕೇಳಿದರೆ ಹೆಚ್ಚಿನವರು ಹೇಳೋದು ಇದನ್ನೇ. ಹೋದ ಎರಡು ಸೀಸನ್‌ನಲ್ಲಿ ನಾನು ಒಂದೇ ಕೆರೆಯಿಂದ ಹತ್ತಿರ ಹತ್ತಿರ 40 ಗೆಂಡೆ ಗಾಳದಲ್ಲೇ ತೆಗೆದಿದ್ದೇನೆ. ಹೆಚ್ಚಿನವು 2-3 ಕೆಜಿ. ದೊಡ್ಡದು ಐದೂವರೆ ದಾಟಿತ್ತು. ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ನಾಲ್ಕು ಜನರ ಮುಂದೆ ತೂಗಿದ್ದು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಜಿಲೇಬಿ ಮೀನಾದರೆ (ತಿಲಾಪಿಯಾ) ನೀರಿನ ಮೇಲೆ ತೇಲುವ ಬೆಂಡನ್ನು ಎಳೆದುಕೊಂಡೇ ಹೋಗುತ್ತದೆ. ಗೆಂಡೆ ಹಾಗಲ್ಲ. ತಲೆ ಕೆಳಗೆ ಮಾಡಿ ಕೆಸರು ಕೆದಕುತ್ತದೆ. ಎರೆಯನ್ನು ಬಾಯಿಗೆ ಎಳೆದುಕೊಂಡು ನಿಂತಲ್ಲೇ ನೇರವಾಗುತ್ತದೆ. ಅನುಮಾನ ಬಂದರೆ ಉಗುಳಿಬಿಡುತ್ತದೆ. ಮೇಲೆ ಬೆಂಡು ಒಂಚೂರು ಅಲ್ಲಾಡುತ್ತದೆ, ಅಷ್ಟೇ. ಮುಳುಗಲಿ ಅಂತ ನಾವು ಕಾಯುತ್ತಾ ಕೂರುತ್ತೇವೆ. ಎತ್ತಿ ನೋಡಿದರೆ ಬರೀ ಕೊಕ್ಕೆ.

ಮೊದಲು ಎಲ್ಲರ ಹಾಗೆ ಬೆಂಡಿನಲ್ಲೇ ನೋಡಿದೆ. ಆಮೇಲೆ ಗಂಟೆ ಕಟ್ಟಿ ತಳಕ್ಕೆ ಸೀಸ ಬಿಟ್ಟು ನೋಡಿದೆ. ನಮ್ಮ ಕೆರೆಯ ತಳದಲ್ಲಿ ಮೊಣಕಾಲುದ್ದ ಪಾಚಿ. ಸೀಸ ಅದರೊಳಗೆ ಇಳಿದು ಎರೆಯೂ ಹೂತುಹೋಗುತ್ತಿತ್ತು. ಗಂಟೆ ಬಾರಿಸಿದ್ದೆಲ್ಲ ಬೆರಳುದ್ದದ ಜಿಲೇಬಿಗಳೇ. ಬೆಂಗಳೂರಿನಿಂದ ವಿದೇಶಿ ಎರೆಯ ಪುಡಿ ತರಿಸಿದೆ, ಪ್ಯಾಕೆಟ್‌ಗೆ 600-700 ರೂಪಾಯಿ. ಸ್ಟ್ರಾಬೆರಿ ವಾಸನೆ ಘಮ್ಮೆನ್ನುತ್ತಿತ್ತು, ಒಂದು ಗೆಂಡೆಯೂ ತಿರುಗಿ ನೋಡಲಿಲ್ಲ. ರಾಡ್, ರೀಲ್, ತಂಗೂಸು, ಈ ಪುಡಿ ಎಲ್ಲ ಸೇರಿ ಮೊದಲ ವರ್ಷವೇ ಹತ್ತು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಕೇಳದೆ ಇರುತ್ತಾರಾ? ಆ ದುಡ್ಡಿಗೆ ಸಂತೆಯಲ್ಲಿ ವರ್ಷವಿಡೀ ಮೀನು ತರಬಹುದಿತ್ತು ಅಂದರು.

ದಾರಿ ಸಿಕ್ಕಿದ್ದು ಬೇರೊಂದು ಮೀನಿನಿಂದ. ಇಂಗ್ಲೆಂಡಿನ ಕೆರೆಗಳಲ್ಲಿ ಟೆಂಚ್ ಅಂತ ಒಂದು ಮೀನು ಇದೆ. ಗೆಂಡೆಯ ಜಾತಿಯದ್ದೇ, ಅದೂ ಕೆಸರು ಕೆದಕಿ ತಿನ್ನುವಂಥದ್ದು. ನಮಗೆ ಪೂರ್ತಿ ಹೊಸದೂ ಅಲ್ಲ. 1874ರಲ್ಲೇ ಅದನ್ನು ನೀಲಗಿರಿಗೆ ತಂದು ಬಿಟ್ಟಿದ್ದರು. ಸಾಮಾನ್ಯ ಗೆಂಡೆ ಶ್ರೀಲಂಕಾದಿಂದ ನೀಲಗಿರಿಗೆ ಬಂದದ್ದು 1939ರಲ್ಲಿ. ಟೆಂಚ್ ಹಿಡಿಯುವ ಹಲವರು ಬೆಂಡು ಮುಳುಗಲಿ ಅಂತ ಕಾಯೋದಿಲ್ಲ, ಏಳಲಿ ಅಂತ ಕಾಯುತ್ತಾರೆ. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆಯಿತು. ತಿನ್ನುವ ರೀತಿ ಒಂದೇ ಆದರೆ ಹಿಡಿಯುವ ರೀತಿಯೂ ಒಂದೇ ಯಾಕಾಗಬಾರದು?

ಬೆಂಡಿಗೆ ನಾನು ಬಳಸೋದು ನವಿಲುಗರಿಯ ದಂಟು. ಕುಶಾಲನಗರದ ಕಡೆ ತೋಟದಲ್ಲಿ ತಾನಾಗಿ ಬಿದ್ದ ಗರಿ ಸಿಗುತ್ತದೆ, ಅದನ್ನು ಮಾತ್ರ ಆರಿಸಿಕೊಳ್ಳಿ. ಒಂದು ಗೇಣು ಉದ್ದ ಸಾಕು. ದಂಟಿನ ಬುಡವನ್ನು ಮಾತ್ರ ಸೈಕಲ್ ವಾಲ್ ಟ್ಯೂಬಿನ ತುಂಡಿನಿಂದ ದಾರಕ್ಕೆ ಸಿಕ್ಕಿಸಬೇಕು, ತುದಿಯನ್ನು ಕಟ್ಟಬಾರದು. ಕೊಕ್ಕೆಯಿಂದ 2-3 ಇಂಚು ಮೇಲೆ ಒಂದೇ ಸೀಸದ ಗುಂಡು. ಅದು ದಂಟನ್ನು ಪೂರ್ತಿ ಮುಳುಗಿಸುವಷ್ಟು ಭಾರ ಇರಬೇಕು. ಇಲ್ಲದಿದ್ದರೆ ಈ ಕೆಲಸವೇ ನಡೆಯೋದಿಲ್ಲ. ನೀರಿನ ಆಳಕ್ಕಿಂತ ಅರ್ಧ ಅಡಿ ಜಾಸ್ತಿ ದಾರ ಬಿಟ್ಟು, ರಾಡನ್ನು ಕವಲು ಕೋಲಿನ ಮೇಲಿಟ್ಟು, ದಂಟಿನ ತುದಿ ಒಂದಿಂಚು ಮಾತ್ರ ಕಾಣುವವರೆಗೆ ನಿಧಾನ ರೀಲ್ ಸುತ್ತಿ.

ಗೆಂಡೆ ಎರೆ ತೆಗೆದುಕೊಂಡು ನೇರವಾದಾಗ ಗುಂಡೂ ತಳದಿಂದ ಏಳುತ್ತದೆ. ದಂಟಿಗೆ ಕೆಳಗಿನ ಭಾರ ತಪ್ಪುತ್ತದೆ. ಒಮ್ಮೆಲೇ ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತದೆ. ಏಳುವಾಗಲೇ ರಾಡ್ ಎತ್ತಬೇಕು, ಮಲಗಿದ ಮೇಲೆ ತಡ. ಹೀಗೆ ಸಿಕ್ಕ ಮೀನಿಗೆ ಕೊಕ್ಕೆ ತುಟಿಯಲ್ಲೇ ಇರುತ್ತದೆ, ಹೊಟ್ಟೆಗೆ ಹೋಗೋದಿಲ್ಲ. ಸಣ್ಣದನ್ನು ವಾಪಸ್ ಬಿಡೋದಕ್ಕೂ ಸುಲಭ.

ಇದಕ್ಕಿಂತ ಜಾಸ್ತಿ ಮಾತು ಕೇಳಿದ್ದು ಕುಂಟೆಯ ವಿಷಯಕ್ಕೆ. ಟೆಂಚ್ ಹಿಡಿಯುವವರು ಗಾಳ ಹಾಕುವ ಮೊದಲು ಆ ಜಾಗದ ತಳವನ್ನೇ ಕೆರೆಯುತ್ತಾರೆ. ನಾನೂ ಎರಡು ಕಬ್ಬಿಣದ ಹಲ್ಲುಕುಂಟೆಯ ಹಿಡಿ ತೆಗೆದು, ಬೆನ್ನಿಗೆ ಬೆನ್ನು ಕೊಟ್ಟು ತಂತಿ ಬಿಗಿದು, ಹಗ್ಗ ಕಟ್ಟಿ ಎಸೆದು ಎಳೆದೆ. ರಾಶಿ ರಾಶಿ ಪಾಚಿ ಬಂತು, ನೀರು ಟೀ ಬಣ್ಣಕ್ಕೆ ತಿರುಗಿತು. ಕೆರೆಯ ಯಜಮಾನರು ನನಗೆ ದೂರದಿಂದ ಮಾವನಾಗಬೇಕು. ಏರಿಯ ಮೇಲೆ ನಿಂತು, "ಏನು ಮಾರಾಯ, ಮೀನು ಹಿಡಿಯೋಕೆ ಬಂದದ್ದೋ, ಹೂಳು ತೆಗೆಯೋಕೆ ಬಂದದ್ದೋ? ಇದ್ದ ಮೀನೂ ಓಡಿಹೋಯ್ತಲ್ಲ" ಅಂದರು. "ಒಂದು ಗಂಟೆ ಕೂತು ನೋಡಿ ಮಾವ" ಅಂದೆ.

ಗಂಟೆಯೂ ಬೇಕಾಗಲಿಲ್ಲ. ಮುಕ್ಕಾಲು ಗಂಟೆಗೆಲ್ಲ ಗುಳ್ಳೆ ಏಳತೊಡಗಿತು. ತಳ ಕೆದರಿದರೆ ಹುಳುಹುಪ್ಪಟೆ ಮೇಲೆ ಬರುತ್ತವೆ, ಗೆಂಡೆಗೆ ಅದೇ ಊಟದ ಕರೆ. ಗುಳ್ಳೆ ನೋಡೋದನ್ನು ಕಲಿಯಿರಿ. ಕೆಸರಿನ ಗ್ಯಾಸ್ ಆದರೆ ಒಂದೇ ಕಡೆ ಬುಳುಬುಳು ಬಂದು ನಿಲ್ಲುತ್ತದೆ. ಮೀನಿನದ್ದು ಸಣ್ಣ ಗುಳ್ಳೆ, ಸಾಲಾಗಿ ಮುಂದೆ ಮುಂದೆ ಹೋಗುತ್ತದೆ. ಆ ದಿನ ಮಾವನ ಎದುರಿಗೇ ದಂಟು ಎದ್ದು ಮಲಗಿತು, ಮೂರು ಕೆಜಿಯದ್ದು ಬಂತು. ಅವರು ಮಾತಾಡಲಿಲ್ಲ, ಮನೆಗೆ ಹೋಗಿ ಚೀಲ ತಂದರು.

ಒಂದು ಎಚ್ಚರಿಕೆ ಇದೆ. ಪಂಪಿನ ಫುಟ್‌ವಾಲ್ವ್ ಇರುವ ಮೂಲೆಯಲ್ಲಿ ಕುಂಟೆ ಹಾಕಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂ ಬರಿಸುವ ನೀರು ಕೊಡುವಾಗಂತೂ ಕೆರೆ ಕಲಕಲೇಬೇಡಿ. ಸ್ಪ್ರಿಂಕ್ಲರ್ ಜೆಟ್‌ನಲ್ಲಿ ಕಸ ಕಟ್ಟಿದರೆ ಮತ್ತೆ ಆ ತೋಟದ ಗೇಟು ನಿಮಗೆ ತೆರೆಯೋದಿಲ್ಲ. ಸ್ಪ್ರಿಂಕ್ಲರ್ ಕೆಲಸ ಮುಗಿದು ನೀರು ಇಳಿದಿರುವಾಗ ಕುಂಟೆಯೇ ಬೇಡ. ಮೀನೆಲ್ಲ ಉಳಿದ ಗುಂಡಿಯಲ್ಲೇ ಇರುತ್ತದೆ.

ಎರೆಯ ವಿಷಯದಲ್ಲಿ ತುಂಬಾ ಆಟ ಆಡಿದ್ದೇನೆ. ಎರೆಹುಳು ಒಳ್ಳೆಯದೇ, ಆದರೆ ಜಿಲೇಬಿ ಇರುವ ಕೆರೆಯಲ್ಲಿ ತಳ ಮುಟ್ಟೋದಿಲ್ಲ. ಕಳಿತ ಹಲಸಿನ ತೊಳೆ ಹಾಕಿ ನೋಡಿದೆ, ಕೊಕ್ಕೆಯಲ್ಲಿ ನಿಲ್ಲಲಿಲ್ಲ. ಹಣ್ಣು ಕಾಫಿಯ ಸಿಪ್ಪೆಯನ್ನು ತೌಡಿಗೆ ಬೆರೆಸಿದೆ, ಆ ಎರಡು ವಾರ ಮೀನು ಹತ್ತಿರವೂ ಬರಲಿಲ್ಲ. ಗೆದ್ದದ್ದು ಕಡಂಬುಟ್ಟು. ಕೈಲ್‌ಪೊಳ್ದ್ ಹಬ್ಬದ ಮಾರನೇ ದಿನ ಉಳಿದಿದ್ದನ್ನು ಒಯ್ದಿದ್ದೆ. ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ್ದಲ್ವಾ, ಒಂದು ರಾತ್ರಿ ಕಳೆದರೆ ಗಟ್ಟಿಯಾಗುತ್ತದೆ. ಹುಣಸೆ ಬೀಜದಷ್ಟು ಚಿವುಟಿ ಕೊಕ್ಕೆಗೆ ಒತ್ತಿದರೆ ಅರ್ಧ ಗಂಟೆ ಬಿಚ್ಚೋದಿಲ್ಲ, ಜಿಲೇಬಿಯೂ ಸುಲಭವಾಗಿ ಕೀಳೋದಿಲ್ಲ. ಜಾಗಕ್ಕೆ ಎರಚೋದಕ್ಕೆ ತೌಡು ಎರಡು ಪಾಲು, ಕಡಲೆಕಾಯಿ ಹಿಂಡಿ ಒಂದು ಪಾಲು, ಕೆರೆಯದೇ ಮಣ್ಣು ಸ್ವಲ್ಪ. ಹಿಂಡಿ ನೆನೆಹಾಕುವಾಗ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ನಮ್ಮ ಅಡುಗೆಮನೆಯಲ್ಲೇ ಇದೆ, ಹೆಸರು ಮಾತ್ರ ಹೇಳೋದಿಲ್ಲ. ಎಷ್ಟು ಹೊತ್ತು ನೆನೆಸಬೇಕು ಅನ್ನೋದನ್ನೂ ನೀವೇ ಕಂಡುಕೊಳ್ಳಿ.

ಟೆಂಚ್‌ನವರು ಬೆಳಗಿನ ಜಾವ ಅನ್ನುತ್ತಾರೆ. ಸಿದ್ದಾಪುರದ ಕಡೆ ಅದು ಆಗೋದಿಲ್ಲ. ಬೆಳಗಿನ ಜಾವ ಕೆರೆ ಆನೆಯದ್ದು. ತೋಟದ ಆಳುಗಳು ಕೆಲಸಕ್ಕೆ ಇಳಿದ ಮೇಲೆಯೇ ನಾನು ಕೆರೆಗೆ ಹೋಗೋದು, ಸಂಜೆ ಐದೂವರೆಗೆ ಸಾಮಾನು ಕಟ್ಟೋದು. ಹೊಸ ಲದ್ದಿ ಕಂಡರೆ ಅವತ್ತು ಗಾಳವೇ ಇಲ್ಲ. ಯಾವ ಗೆಂಡೆಗೂ ಅಷ್ಟು ಬೆಲೆ ಇಲ್ಲ. ಸಂಜೆ ನಾಲ್ಕರಿಂದ ಐದೂವರೆ ನನಗೆ ಚೆನ್ನಾಗಿ ಕೊಟ್ಟಿದೆ. ತಿಂಗಳಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಜುಲೈ ಮಳೆಯಲ್ಲಿ ಕೆಂಪು ನೀರು ನುಗ್ಗುವಾಗ ಹೋಗೋದೇ ದಂಡ.

ಈಗಿನ ಖರ್ಚು ದಿನಕ್ಕೆ 40-50 ರೂಪಾಯಿ, ತೌಡು ಮತ್ತು ಹಿಂಡಿಗೆ ಮಾತ್ರ. ದಂಟು ಪುಕ್ಕಟೆ, ವಾಲ್ ಟ್ಯೂಬ್ ಒಂದು ತುಂಡು ವರ್ಷಗಟ್ಟಲೆ ಬರುತ್ತದೆ. ಹತ್ತು ಸಾವಿರದ ಸಾಮಾನಿನಲ್ಲಿ ಇವತ್ತಿಗೂ ಕೆಲಸಕ್ಕೆ ಬರೋದು ರಾಡ್, ರೀಲ್ ಎರಡೇ.

ಚಿಕ್ಲಿಹೊಳೆ ಜಲಾಶಯದಂಥ ದೊಡ್ಡ ನೀರಿಗೆ ಇದನ್ನು ಒಯ್ಯಬೇಡಿ. ಗಾಳಿಗೆ ದಾರ ಬಿಲ್ಲಾಗಿ ದಂಟು ನಿಲ್ಲೋದಿಲ್ಲ, ಸುಳ್ಳು ಏಟು ಜಾಸ್ತಿ. ಎರಡು ಗುಂಡು ಹಾಕಿ, ದಾರವನ್ನು ನೀರಿನೊಳಗೆ ಮುಳುಗಿಸಿಯೂ ನೋಡಿದ್ದೇನೆ, ಸರಿಹೋಗಲಿಲ್ಲ. ಅಲ್ಲಿ ಗಂಟೆ ಕಟ್ಟಿದ ತಳಗಾಳವೇ ವಾಸಿ. ಇದು ಸುತ್ತ ಮರ ಇರುವ, ಐದಾರು ಅಡಿ ಆಳದ, ಗಾಳಿ ಆಡದ ಕೆರೆಗೆ ಮಾತ್ರ.