ಮೂವತ್ತು ದಿನ ಕಾದು ಆರಿಸಿದ 2024ರ ಸೀರೀಸ್‌ಗಳು

ಅಕ್ಕ ನನ್ನ ನೋಟ್‌ಬುಕ್ ನೋಡಿ ನಕ್ಕಿದ್ದಳು. "ಏನೋ ಇದು, ಟಿವಿ ನೋಡೋದಕ್ಕೂ ಲೆಕ್ಕ ಬರೀತೀಯಾ?" ಅಂದಿದ್ದಳು. ಗೆಳೆಯರೂ ಬಿಡಲಿಲ್ಲ. ಇಷ್ಟವಾದದ್ದು ತಾನಾಗಿ ನೆನಪಿರುತ್ತೆ, ಅದಕ್ಕೆ ಪುಸ್ತಕ ಯಾಕೆ ಅಂತ ಕಾಲೆಳೆದರು. ಈಗ ಅದೇ ಅಕ್ಕ "ಈ ವಾರ ಏನು ನೋಡ್ಲಿ?" ಅಂತ ನನಗೇ ಫೋನ್ ಮಾಡುತ್ತಾಳೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಮೊದಲು ಸೋತ ಕಥೆ. ಪ್ರತಿ ವರ್ಷ ಡಿಸೆಂಬರ್ ಕೊನೆಗೆ ಕೂತು ವರ್ಷದ ಮೆಚ್ಚಿನ ಹತ್ತು ಸೀರೀಸ್ ಬರೆಯುವ ಚಟ ನನಗೆ ಬಹಳ ದಿನದ್ದು. ಒಮ್ಮೆ ಪಟ್ಟಿ ಮುಗಿಸಿದ ಮೇಲೆ ಸುಮ್ನೆ ಬಿಡುಗಡೆಯ ದಿನಾಂಕ ನೋಡಿದೆ. ಹತ್ತರಲ್ಲಿ ಏಳು ಸೆಪ್ಟೆಂಬರ್ ದಾಟಿದ ಮೇಲೆ ಬಂದವು! ವರ್ಷದ ಮೊದಲ ಒಂಬತ್ತು ತಿಂಗಳು ನಾನು ಏನು ನೋಡುತ್ತಿದ್ದೆನೋ ದೇವರಿಗೇ ಗೊತ್ತು.

ಮುಂದಿನ ವರ್ಷ ಮಾರ್ಕು ಕೊಡಲು ಶುರು ಮಾಡಿದೆ, ಹತ್ತಕ್ಕೆ ಇಷ್ಟು ಅಂತ. ಜೂನ್ ಹೊತ್ತಿಗೆ ಶೀಟ್ ತೆರೆದರೆ ಬರೀ 7, 7.5, 8. ಚೆನ್ನಾಗಿ ನಿದ್ದೆಯಾದ ದಿನ 8, ತಲೆನೋವಿದ್ದ ದಿನ 6. ಅದನ್ನು ನಂಬಿ ಏನು ಆರಿಸುವುದು?

2023ರಲ್ಲಿ ಮಾಡಿದ್ದು ಇನ್ನೂ ದೊಡ್ಡ ಪೆದ್ದತನ. ಯಾರು ಏನು ಚೆನ್ನಾಗಿದೆ ಅಂದರೂ ಶುರು ಮಾಡಿದೆ. ಐದು ಒಟಿಟಿಗೆ ಒಟ್ಟಿಗೇ ದುಡ್ಡು ಕಟ್ಟಿದೆ. 60ರ ಹತ್ತಿರ ಸೀರೀಸ್ ಮುಟ್ಟಿ, ಮುಗಿಸಿದ್ದು ಹನ್ನೆರಡೋ ಹದಿಮೂರೋ. ಅದರಲ್ಲಿ ಒಂದು ಒಟಿಟಿಯ ಆಟೋ ರಿನ್ಯೂವಲ್ ನಿಲ್ಲಿಸುವುದನ್ನು ಮರೆತೇಬಿಟ್ಟಿದ್ದೆ. ಹನ್ನೊಂದು ತಿಂಗಳು ದುಡ್ಡು ಹೋಯಿತು. ಅಲ್ಲಿ ನಾನು ನೋಡಿದ್ದು ಒಂದೇ ಸೀರೀಸ್, ಆರು ಎಪಿಸೋಡ್. ಒಂದೊಂದು ಎಪಿಸೋಡಿಗೆ ಸುಮಾರು ಎರಡು ತಿಂಗಳ ಚಂದಾ ಬಿದ್ದ ಹಾಗಾಯಿತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

2024ಕ್ಕೆ ವಿಧಾನ ಬದಲಿಸಿದೆ. ಸೀರೀಸ್ ಮುಗಿದ ದಿನ ಪುಸ್ತಕದಲ್ಲಿ ಹೆಸರು, ದಿನಾಂಕ, ಅಷ್ಟೇ. ಅಭಿಪ್ರಾಯ ಬರೆಯುವ ಹಾಗಿಲ್ಲ. ಸರಿಯಾಗಿ ಮೂವತ್ತು ದಿನ ಬಿಟ್ಟು, ಏನೂ ನೋಡದೆ, ಒಂದೇ ಒಂದು ದೃಶ್ಯ ಬರೆಯಬೇಕು. ಕಥೆ ಹೇಳಿದರೆ ಫೇಲ್. ಯಾರು ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು, ಬೆಳಕು ಎಲ್ಲಿಂದ ಬೀಳುತ್ತಿತ್ತು, ಇಷ್ಟು ಬರಬೇಕು. ಬಂದರೆ ಪಾಸ್. ವರ್ಷದಲ್ಲಿ 45ರ ಆಸುಪಾಸು ಶುರು ಮಾಡಿದ್ದೆ. ಇಪ್ಪತ್ತರಷ್ಟು ಮುಗಿಸಿದೆ. ಕೊನೆಗೆ ಉಳಿದದ್ದು ಏಳು.

ಈ ವಿಧಾನದ ಮೇಲೆ ನನಗೆ ನಂಬಿಕೆ ಬಂದದ್ದು 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್'ನಿಂದ. ಬ್ರಿಟನ್ನಿನ ಐಟಿವಿಯಲ್ಲಿ ಜನವರಿ 1ರಿಂದ 4ರವರೆಗೆ ದಿನಕ್ಕೊಂದರಂತೆ ನಾಲ್ಕು ಎಪಿಸೋಡ್ ಬಂತು. ನಾನು ನೋಡಿದ್ದು ಸ್ವಲ್ಪ ತಡವಾಗಿ. ಹಳೇ ಕ್ರಮದಲ್ಲಾಗಿದ್ದರೆ ಡಿಸೆಂಬರ್‌ಗೆ ಇದರ ಹೆಸರೂ ನೆನಪಿರುತ್ತಿರಲಿಲ್ಲ. ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯ ತಪ್ಪು ಲೆಕ್ಕದಿಂದ ಅಲ್ಲಿ 900ಕ್ಕೂ ಹೆಚ್ಚು ಸಬ್ ಪೋಸ್ಟ್‌ಮಾಸ್ಟರ್‌ಗಳು ಕಳ್ಳರೆನಿಸಿಕೊಂಡು ಶಿಕ್ಷೆಗೆ ಒಳಗಾಗಿದ್ದರು. ಮೂವತ್ತನೇ ದಿನ ಪುಸ್ತಕ ತೆಗೆದಾಗ ನನ್ನ ಕೈ ನಿಲ್ಲಲೇ ಇಲ್ಲ. ಹಳ್ಳಿಯ ಅಂಚೆ ಕಚೇರಿಯ ಹೆಂಗಸು, ಕಿವಿಗೆ ಫೋನು, ಆ ಕಡೆ ಸಹಾಯವಾಣಿ. ಅವರು ಹೇಳಿದ ಹಾಗೆಯೇ ಕೀ ಒತ್ತುತ್ತಾಳೆ. ಕೊರತೆ ಕಮ್ಮಿಯಾಗುವ ಬದಲು ಅವಳ ಕಣ್ಣೆದುರೇ ಎರಡು ಪಟ್ಟಾಗುತ್ತದೆ. ಅವಳ ಮುಖ! ಹಿನ್ನೆಲೆ ಸಂಗೀತದ ಗಲಾಟೆಯಿಲ್ಲ, ಬಂದೂಕಿಲ್ಲ, ಒಂದು ಸ್ಕ್ರೀನು, ಒಂದು ಅಂಕಿ. ವರ್ಷವಿಡೀ ನೋಡಿದ್ದರಲ್ಲಿ ನನಗೆ ಅತಿ ಜಾಸ್ತಿ ಹೆದರಿಕೆಯಾದದ್ದು ಅಲ್ಲೇ. ಈ ಸೀರೀಸ್ ಎಬ್ಬಿಸಿದ ಗದ್ದಲದ ನಂತರ ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತು ಆ ಶಿಕ್ಷೆಗಳನ್ನು ರದ್ದು ಮಾಡುವ ಕಾನೂನನ್ನೇ ತಂದಿತು.

'ರಿಪ್ಲಿ'ಯ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಜಗಳವಾದದ್ದೇ ಅದರ ಮೇಲೆ. ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಎಂಟು ಎಪಿಸೋಡ್ ಒಟ್ಟಿಗೇ ಬಂದವು, ಹೆಚ್ಚುಕಮ್ಮಿ ಪೂರ್ತಿ ಕಪ್ಪು ಬಿಳುಪು. ಆಂಡ್ರ್ಯೂ ಸ್ಕಾಟ್ ನಟನೆ, ಸ್ಟೀವನ್ ಝೇಲಿಯನ್ ನಿರ್ದೇಶನ, ರಾಬರ್ಟ್ ಎಲ್ಸ್‌ವಿಟ್ ಕ್ಯಾಮೆರಾ. ಗೆಳೆಯರೆಲ್ಲ "ಆಮೆ ವೇಗ ಮಾರಾಯ, ಎರಡನೇ ಎಪಿಸೋಡಿಗೇ ಬಿಟ್ಟೆ" ಅಂದರು. ನಿಜ, ನಿಧಾನ. ಒಬ್ಬ ಮನುಷ್ಯ ಮೆಟ್ಟಿಲು ಹತ್ತುವುದನ್ನು ಎಷ್ಟು ಸಲ ತೋರಿಸುತ್ತಾರೆ ಅಂತ ನಾನೂ ಬೈದುಕೊಂಡಿದ್ದೆ. ಆದರೆ ಮೂವತ್ತು ದಿನದ ಮೇಲೆ ಒಂದಲ್ಲ, ಐದು ದೃಶ್ಯ ಬರೆದೆ. ಮೂರನೇ ಎಪಿಸೋಡಿನ ದೋಣಿ. ಐದನೆಯದರಲ್ಲಿ ಗಾಜಿನ ಆಶ್‌ಟ್ರೇ, ಆಮೇಲೆ ಕಟ್ಟಡದೊಳಗೆ ಎಲ್ಲವನ್ನೂ ಸುಮ್ಮನೆ ನೋಡುತ್ತಾ ಕೂತ ಬೆಕ್ಕು. ನೋಡಿದವರಿಗೆ ಇಷ್ಟು ಸಾಕು, ನೋಡದವರಿಗೆ ಹಾಳು ಮಾಡುವುದಿಲ್ಲ.

ಇಲ್ಲೊಂದು ಪ್ರಯೋಗವನ್ನೂ ಮಾಡಿದೆ. ಆ ಮೂರನೇ ಎಪಿಸೋಡನ್ನು ಇನ್ನೊಮ್ಮೆ, ಟಿವಿ ಪೂರ್ತಿ ಮ್ಯೂಟ್ ಮಾಡಿ ನೋಡಿದೆ. ದೋಣಿಯ ಭಾಗದಲ್ಲಿ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ಏನೂ ಕಳೆದುಹೋಗುವುದಿಲ್ಲ ಅಂದುಕೊಂಡಿದ್ದೆ. ತಪ್ಪು. ನೀರಿನ ಸದ್ದು, ಮೋಟರಿನ ಗೊರಗೊರ ಹೋದ ತಕ್ಷಣ ಅರ್ಧ ಜೀವವೇ ಹೋಯಿತು. ಅದೇ ಹುಮ್ಮಸ್ಸಿನಲ್ಲಿ '3 ಬಾಡಿ ಪ್ರಾಬ್ಲಮ್' ಅನ್ನು 1.25ರ ವೇಗದಲ್ಲಿ ಓಡಿಸಿದೆ. ಟೈಮ್ ಉಳಿಯಿತು, ಖುಷಿ ಹೋಯಿತು. ಪನಾಮಾ ಕಾಲುವೆಯಲ್ಲಿ ಹಡಗು ಹೋಳಾಗುವ ದೃಶ್ಯ ಬಿಟ್ಟರೆ ತಿಂಗಳ ಮೇಲೆ ಬೇರೇನೂ ಉಳಿದಿರಲಿಲ್ಲ. ತಪ್ಪು ಸೀರೀಸ್‌ನದೋ ನನ್ನ ಅವಸರದ್ದೋ, ಅದಕ್ಕೆ ಮೋಸವಾಗಬಾರದು ಅಂತ ಪಟ್ಟಿಯ ಹೊರಗೆ ಬೇರೆ ಪುಟದಲ್ಲಿ ಬರೆದಿಟ್ಟೆ.

'ಶೋಗನ್' ಬಗ್ಗೆ ಎಲ್ಲರೂ ಬರೆದಾಗಿದೆ. ಒಂದೇ ವರ್ಷಕ್ಕೆ 18 ಎಮ್ಮಿ (ಅಮೆರಿಕದ ಟಿವಿ ಪ್ರಶಸ್ತಿ) ಬಂತು ಅಂದ ಮೇಲೆ ನಾನು ಸೇರಿಸುವುದೇನಿದೆ? ಒಂದು ಮಾತು ಮಾತ್ರ. 1980ರ ಹಳೇ ಸೀರೀಸ್‌ನಲ್ಲಿ ಜಪಾನಿ ಮಾತಿಗೆ ಸಬ್‌ಟೈಟಲ್ಲೇ ಇರಲಿಲ್ಲ. ಇದರಲ್ಲಿ ಹೆಚ್ಚಿನ ಮಾತೆಲ್ಲ ಜಪಾನಿಯಲ್ಲೇ ಇದೆ, ಸಬ್‌ಟೈಟಲ್ ಇದೆ. ಆ ಕಾರಣಕ್ಕೇ ನಾನು ಒಮ್ಮೆಯೂ ಫೋನ್ ಕೈಗೆತ್ತಿಕೊಳ್ಳಲಿಲ್ಲ. ಕಣ್ಣು ತೆಗೆದರೆ ಮಾತು ತಪ್ಪಿತು. ಒಂಬತ್ತನೇ ಎಪಿಸೋಡಿನಲ್ಲಿ ಒಸಾಕಾ ಕೋಟೆಯಿಂದ ಹೊರಡಲೇಬೇಕು ಅಂತ ಮರಿಕೊ ಈಟಿಯಂಥ ಆಯುಧ ಹಿಡಿದು ಕಾವಲುಗಾರರ ಎದುರು ಹೆಜ್ಜೆ ಇಡುತ್ತಾಳಲ್ಲ, ಆ ಪಾತ್ರದ ಅನ್ನಾ ಸವಾಯ್ ಅಲ್ಲಿ ಮಾಡಿದ ಹಾಗೆ ಆ ವರ್ಷ ಇನ್ನೊಬ್ಬರು ಮಾಡಿದ್ದನ್ನು ನಾನು ನೋಡಲಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಒಂದು ಸಲಕ್ಕೆ ಒಂದೇ ಒಟಿಟಿ, ಇದು ನನ್ನ ನಿಯಮ. ವಾರಕ್ಕೊಂದು ಬರುವ ಸೀರೀಸ್ ಆದರೆ ಕೊನೇ ಎಪಿಸೋಡ್ ಬರುವವರೆಗೂ ದುಡ್ಡು ಕಟ್ಟುವುದಿಲ್ಲ. 'ದಿ ಪೆಂಗ್ವಿನ್' ಸೆಪ್ಟೆಂಬರ್ 19ಕ್ಕೆ ಶುರುವಾಗಿ ನವೆಂಬರ್ 10ಕ್ಕೆ ಮುಗಿಯಿತು. ಜೊತೆಜೊತೆಗೇ ನೋಡಿದ್ದರೆ ಎರಡು ತಿಂಗಳ ಚಂದಾ, ಕಾದು ನೋಡಿದ್ದಕ್ಕೆ ಒಂದು ತಿಂಗಳದ್ದು. ಅದೇ ತಿಂಗಳಲ್ಲಿ ಅಲ್ಲಿದ್ದ ಇನ್ನೆರಡನ್ನೂ ಮುಗಿಸಿದೆ. ದುಡ್ಡು ಕಟ್ಟಿದ ಐದನೇ ನಿಮಿಷಕ್ಕೆ ಆಟೋ ರಿನ್ಯೂವಲ್ ಆಫ್. ಹಿಂದಿನ ವರ್ಷಕ್ಕೆ ಹೋಲಿಸಿದರೆ ಖರ್ಚು ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲಿಗೆ ಇಳಿಯಿತು.

ಇದರಲ್ಲೂ ಒಮ್ಮೆ ಮಣ್ಣು ಮುಕ್ಕಿದ್ದೇನೆ. ಹೀಗೆ ಕಾಯುತ್ತಾ ಕೂತಿದ್ದಾಗಲೇ ಗೆಳೆಯನೊಬ್ಬ 'ಶೋಗನ್'ನ ಆ ಒಂಬತ್ತನೇ ಎಪಿಸೋಡ್ ಹೇಗೆ ಮುಗಿಯುತ್ತೆ ಅಂತ ಬಾಯಿಬಿಟ್ಟ. ಎರಡು ದಿನ ಅವನ ಫೋನ್ ಎತ್ತಲಿಲ್ಲ. ಆಗಿನಿಂದ ಕಾಯುವ ಸೀರೀಸ್‌ನ ಹೆಸರು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಅದೇ ಮಾತು ಬರುತ್ತದೆ, ಅಲ್ವಾ?

'ಪೆಂಗ್ವಿನ್'ಗೆ ಕಾದದ್ದು ದಂಡವಾಗಲಿಲ್ಲ. ಕಾಲಿನ್ ಫ್ಯಾರಲ್ ಮುಖದ ಮೇಲಿನ ಮೇಕಪ್ ಬಗ್ಗೆಯೇ ಎಲ್ಲರೂ ಮಾತಾಡಿದರು. ನನ್ನ ಪುಸ್ತಕದಲ್ಲಿ ಅವನಿಲ್ಲ. ಅಲ್ಲಿರುವುದು ನಾಲ್ಕನೇ ಎಪಿಸೋಡಿನ ಸೋಫಿಯಾ: ಹಳದಿ ಗೌನು, ಮುಖಕ್ಕೆ ಗ್ಯಾಸ್ ಮಾಸ್ಕ್, ಬೆಳಗಿನ ಹೊತ್ತು ಆ ದೊಡ್ಡ ಮನೆಯೊಳಗೆ ಒಬ್ಬಳೇ ನಡೆಯುತ್ತಾಳೆ. ಆ ಪಾತ್ರ ಮಾಡಿದ ಕ್ರಿಸ್ಟಿನ್ ಮಿಲಿಯೊಟಿ ಸೀರೀಸನ್ನೇ ಕದ್ದುಬಿಟ್ಟಳು.

'ಸ್ಲೋ ಹಾರ್ಸಸ್' ನಾಲ್ಕನೇ ಸೀಸನ್ ಆರೇ ಎಪಿಸೋಡ್. ಗ್ಯಾರಿ ಓಲ್ಡ್‌ಮನ್ ಕೊಳಕು ಕೋಟಿನಲ್ಲಿ ಎಲ್ಲರನ್ನೂ ಬೈದುಕೊಂಡು ಓಡಾಡಿದರೂ ನನ್ನಲ್ಲಿ ಉಳಿದದ್ದು ಜೊನಾಥನ್ ಪ್ರೈಸ್. ಮರೆವಿನ ಕಾಯಿಲೆಯ ಮುದುಕ ಗೂಢಚಾರ, ಎದುರಿಗಿರುವುದು ತನ್ನ ಮೊಮ್ಮಗನೋ ಅಲ್ಲವೋ ಗೊತ್ತಾಗದೆ ಗನ್ ಹಿಡಿದು ನಿಂತಿರುತ್ತಾನೆ. ಆಹಾ.

ವಿಧಾನ ಎಡವಿದ್ದೂ ಉಂಟು. 'ದಿ ಬೇರ್' ಮೂರನೇ ಸೀಸನ್ ಒಟ್ಟಾರೆ ಫೇಲ್. ಹತ್ತು ಎಪಿಸೋಡ್ ನೋಡಿ ತಿಂಗಳ ಮೇಲೆ ನೆನಪಿದ್ದದ್ದು ಆರನೆಯದು ಮಾತ್ರ, ಟೀನಾ ಅನ್ನುವ ಪಾತ್ರ ಕೆಲಸ ಹುಡುಕುತ್ತಾ ಅಲೆಯುವುದು. ಅದನ್ನು ನಿರ್ದೇಶಿಸಿದ್ದು ಅದೇ ಸೀರೀಸ್‌ನ ನಟಿ ಆಯೊ ಎಡೆಬಿರಿ. ಒಂದು ಎಪಿಸೋಡಿಗಾಗಿ ಇಡೀ ಸೀಸನ್ ಸೇರಿಸಬೇಕಾ? ನಾನು ಸೇರಿಸಲಿಲ್ಲ. 'ಏಕಂ' ಇನ್ನೊಂದು ತರಲೆ ತಂದಿತು. ಯಾವ ದೊಡ್ಡ ಒಟಿಟಿಯಲ್ಲೂ ಅಲ್ಲದೆ, ಜುಲೈನಲ್ಲಿ ತನ್ನದೇ ವೆಬ್‌ಸೈಟ್‌ನಲ್ಲಿ ಬಂದ ಕನ್ನಡದ ಏಳು ಕಥೆಗಳು. ಕಥೆಗಳೇ ಬೇರೆ ಬೇರೆ, ಒಂದೇ ಪರೀಕ್ಷೆ ಹೇಗೆ? ಏಳು ಸಾಲು ಬರೆದು ಏಳು ಸಲ ಕಾದೆ. ಮೂರು ಉಳಿದವು. ಏಳಕ್ಕೆ ಮೂರು ಕಮ್ಮಿಯೇನಲ್ಲ, ಪಟ್ಟಿಗೆ ಸೇರಿಸಿದೆ. 'ದಿ ಬೇರ್'ಗೊಂದು ನ್ಯಾಯ, ಇದಕ್ಕೊಂದು ನ್ಯಾಯವಾ ಅಂತ ಅಕ್ಕ ಕೇಳಿದಳು. ಪುಸ್ತಕ ನನ್ನದು ಅಂದೆ.

ದೊಡ್ಡ ಪೆಟ್ಟು ಕೊಟ್ಟದ್ದು 'ಬೇಬಿ ರೈನ್‌ಡಿಯರ್'. ಏಳು ಎಪಿಸೋಡ್ ಒಂದೇ ದಿನದಲ್ಲಿ ಮುಗಿಸಿದೆ. ಮೂವತ್ತನೇ ದಿನ, ಲೈಂಗಿಕ ದೌರ್ಜನ್ಯ ತೋರಿಸುವ ನಾಲ್ಕನೇ ಎಪಿಸೋಡ್ ಕಣ್ಣಿಗೆ ಕಟ್ಟಿದ ಹಾಗಿತ್ತು, ಆದರೆ ಬರೆಯಲು ಮನಸ್ಸೇ ಬರಲಿಲ್ಲ. ಗಾಯ ನೆನಪಿರುತ್ತದೆ ಅಂತ ಅದನ್ನು ಮೆಚ್ಚಿನದು ಅನ್ನೋಕಾಗುತ್ತಾ? ಆ ರಾತ್ರಿ ಪರೀಕ್ಷೆಗೆ ಎರಡನೇ ಪ್ರಶ್ನೆ ಸೇರಿಸಿದೆ. ಒಂದೇ ವಾಕ್ಯ. ಅದನ್ನು ಕೇಳಿಕೊಂಡ ಮೇಲೆ ಹನ್ನೊಂದಿದ್ದ ಪಟ್ಟಿ ಏಳಕ್ಕೆ ಇಳಿಯಿತು. ಆ ಪ್ರಶ್ನೆ ಯಾವುದು ಅಂತ ಅಕ್ಕನಿಗೇ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಸುಳಿವು ಬೇಕಾದರೆ, ಅದಕ್ಕೂ ಎರಡನೇ ಸಲ ನೋಡುವುದಕ್ಕೂ ಸಂಬಂಧವಿಲ್ಲ. ಎಲ್ಲರೂ ಅದನ್ನೇ ಊಹಿಸುತ್ತಾರೆ.

ಏಳನೆಯದು 'ಹ್ಯಾಕ್ಸ್' ಮೂರನೇ ಸೀಸನ್. ಕಾಮಿಡಿ ಬೇಗ ಮರೆತುಹೋಗುತ್ತೆ ಅಂತ ನನ್ನ ಲೆಕ್ಕವಿತ್ತು. ಕೊನೇ ಎಪಿಸೋಡಿನ ಕೊನೇ ಮಾತುಕತೆಯನ್ನು ತಿಂಗಳಾದ ಮೇಲೂ ಇಬ್ಬರು ನಾಯಕಿಯರ ದನಿಯಲ್ಲೂ ಒಪ್ಪಿಸಿದೆ, ಹಾಗಾಗಿ ಪಾಸು.

'ಸ್ಕ್ವಿಡ್ ಗೇಮ್' ಎರಡನೇ ಸೀಸನ್ ಎಲ್ಲಿ ಅಂತ ಕೇಳಬೇಡಿ. ಅದು ಬಂದದ್ದು ಡಿಸೆಂಬರ್ 26ಕ್ಕೆ. ಮೂವತ್ತು ದಿನ ತುಂಬುವ ಹೊತ್ತಿಗೆ ವರ್ಷವೇ ಬದಲಾಗಿತ್ತು, 2025ರ ಪುಸ್ತಕದ ಮೊದಲ ಸಾಲು ಅದೇ. ಎರಡನೇ ಸಾಲು 'ಸೆವೆರನ್ಸ್' ಎರಡನೇ ಸೀಸನ್‌ಗೆ ಖಾಲಿ ಬಿಟ್ಟಿದ್ದೆ. ಅದು 2025ರ ಜನವರಿ 17ರಿಂದ ವಾರಕ್ಕೊಂದು ಬಂತು, ಒಟ್ಟು ಹತ್ತು. ಹತ್ತೂ ಬರುವವರೆಗೆ ನಾನು ದುಡ್ಡು ಕಟ್ಟುವ ಹಾಗಿರಲಿಲ್ಲ, ಅದಕ್ಕೇ ಯಾರೂ ಏನೂ ಹೇಳದಿರಲಿ ಅಂತ ಬೇಡಿಕೊಳ್ಳುತ್ತಿದ್ದೆ.